ಎರಡನೇ ತಾಸಿನ ಗಾಡಿ

ಶನಿವಾರ ನಸುಕಿನ ಐದೂವರೆಗೆ ತಿಲಕವಾಡಿಯ ಮೂರನೇ ರೈಲ್ವೆ ಗೇಟಿನ ಬಳಿ ನಿಂತರೆ ಸಾಕು, ಬೆಳಗಾವಿಯ ಹುಡುಗರು ಎತ್ತ ಹೊರಟಿದ್ದಾರೆಂದು ಯಾರನ್ನೂ ಕೇಳಬೇಕಿಲ್ಲ. ಬೆನ್ನಿಗೆ ಬ್ಯಾಗು, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ ರೇನ್‌ಕೋಟು, ಹ್ಯಾಂಡಲ್‌ಗೆ ಸಿಕ್ಕಿಸಿದ ಮೊಬೈಲು. ಖಾನಾಪುರ ರಸ್ತೆ ಹಿಡಿದು ಪೀರನವಾಡಿಗೆ ಬಂದ ಮೇಲೆ ಬಲಕ್ಕೆ ಹೊರಳಿದರೆ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟು, ಗೋವಾ. ನೇರ ಹೋದರೆ ಖಾನಾಪುರ, ಲೋಂಡಾ, ರಾಮನಗರ, ಅನಮೋಡ ಘಾಟು, ಅದೂ ಗೋವಾನೇ. ಇನ್ನು ಕೆಲವರು ಊರ ಆ ಕಡೆ ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದು ಪುಣೆಗೋ ಬೆಂಗಳೂರಿಗೋ ಹೋಗುವವರು. ಘಾಟಿನ ತಿರುವು, ಕಾಡಿನ ಮಳೆ, ನೆಟ್ಟಗೆ ಓಡುವ ಹೆದ್ದಾರಿ ಈ ಮೂರೂ ಮನೆಯಿಂದ ಒಂದು ತಾಸಿನೊಳಗೆ ಸಿಗುವ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ. ದೂರ ಪ್ರಯಾಣದ ಗಾಡಿ ಆರಿಸಲು ಇಷ್ಟು ಒಳ್ಳೆಯ ಪರೀಕ್ಷೆಯ ಜಾಗ ಇಟ್ಟುಕೊಂಡೂ ನಾವು ಗಾಡಿಯನ್ನು ಶೋರೂಮಿನ ಟೈಲ್ಸ್ ಮೇಲೆ ನಿಲ್ಲಿಸಿ ಆರಿಸುತ್ತೇವೆ.

ಹೋದ ತಿಂಗಳು ಖಾನಾಪುರದ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. ಹೈಸ್ಕೂಲ್ ಮಾಸ್ತರ, ಮದುವೆಯಾಗಿ ಎರಡು ವರ್ಷ. ಇಷ್ಟು ದಿನ 125 ಸಿಸಿ ಗಾಡಿಯ ಮೇಲೆ ಓಡಾಡಿದವನು.

“ಕಾಕಾ, ದೊಡ್ಡ ಗಾಡಿ ತಗೋಬೇಕಂತ ಮಾಡೇನಿ. ಸೂಟ್ಯಾಗ ಇಬ್ಬರೂ ಕೂಡಿ ಹಂಪಿ, ಗೋಕರ್ಣ, ಆಮ್ಯಾಲ ಒಂದ್ಸಲ ಕೊಡಗಿನ ಮಟ ಹೋಗಿ ಬರೂದೈತಿ. ಯಾವ್ದು ತಗೊಳ್ಳಿ?”

ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದ. ಅದರಲ್ಲಿ ಅಶ್ವಶಕ್ತಿ ಇತ್ತು, ಟಾರ್ಕ್ ಇತ್ತು, ಗರಿಷ್ಠ ವೇಗ ಇತ್ತು, ಎವರೇಜ್ ಇತ್ತು. ತನ್ನ ಎತ್ತರ, ಹೆಂಡತಿಯ ಎತ್ತರ, ದಿನಕ್ಕೆ ಇಬ್ಬರೂ ಎಷ್ಟು ಕಿಲೋಮೀಟರ್ ಕೂರಬಲ್ಲರು ಅನ್ನುವುದು ಮಾತ್ರ ಇರಲಿಲ್ಲ.

ನಾನೂ ಒಮ್ಮೆ ಹಾಗೆಯೇ ಆರಿಸಿದ್ದೆ. ಯಾವ ಗಾಡಿ ಅನ್ನುವುದು ಇಲ್ಲಿ ಬೇಡ. ಶೋರೂಮಿನ ಸುತ್ತ ಹತ್ತು ನಿಮಿಷ ಓಡಿಸಿ, ಪಿಕಪ್‌ಗೆ ಮರುಳಾಗಿ, ದುಡ್ಡು ಕಟ್ಟಿ ತಂದೆ. ಮೊದಲ ದೊಡ್ಡ ಪ್ರಯಾಣ ಪುಣೆಗೆ, ಸುಮಾರು 340 ಕಿಲೋಮೀಟರ್. ನಿಪ್ಪಾಣಿ ದಾಟುವವರೆಗೆ ಮನಸ್ಸು ಹಕ್ಕಿಯಂತಿತ್ತು. ಕೊಲ್ಹಾಪುರ ಬರುವಷ್ಟರಲ್ಲಿ ಬಲಗೈಯ ಕಿರುಬೆರಳಿಗೂ ಉಂಗುರ ಬೆರಳಿಗೂ ಜೋಮು ಹಿಡಿಯಿತು. ಕರಾಡದಲ್ಲಿ ಚಹಾಕ್ಕೆ ಇಳಿದಾಗ ಲೋಟ ಕೈಯಲ್ಲಿ ನಿಲ್ಲಲಿಲ್ಲ. ಎಡಗೈಯಿಂದ ಹಿಡಿದು ಕುಡಿದೆ. ಸೊಂಟ ನೆಟ್ಟಗಾಗಲು ಮರುದಿನದ ಮಧ್ಯಾಹ್ನವಾಯಿತು. ಗಾಡಿಯಲ್ಲಿ ದೋಷ ಏನೂ ಇರಲಿಲ್ಲ. ಅದು ಬೇರೆ ಮೈಗೆ, ಬೇರೆ ಕೆಲಸಕ್ಕೆ ಮಾಡಿದ ಗಾಡಿ. ಯಾವ ಗಾಡಿಯಾದರೂ ಮೊದಲ ತಾಸಿನಲ್ಲಿ ಚಂದ. ಖರೆ ಗುಣ ಹೊರಬೀಳುವುದು ಎರಡನೇ ತಾಸಿನಲ್ಲಿ. ಮಾಸ್ತರನಿಗೆ ನಾನು ಹೇಳಿದ್ದು ಇಷ್ಟೇ: ಪಟ್ಟಿ ಬದಿಗಿಡು, ಆ ಎರಡನೇ ತಾಸಿಗೆ ಗಾಡಿ ಹುಡುಕೋಣ.

ಅವನಿಗೆ ಬೇಕಾದದ್ದು ಮಧ್ಯಮ ಗಾತ್ರದ ಗಾಡಿ. ಆದರೆ ‘ಮಧ್ಯಮ’ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ ಎ2 ಲೈಸೆನ್ಸಿನವರು 35 ಕಿಲೋವಾಟ್, ಅಂದರೆ ಸುಮಾರು 47 ಅಶ್ವಶಕ್ತಿಯವರೆಗಿನ ಗಾಡಿ ಓಡಿಸಬಹುದು. ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650 ಸರಿಯಾಗಿ ಆ 47ರಲ್ಲಿ ನಿಲ್ಲುತ್ತದೆ. ಅಲ್ಲಿ ಅದು ಹೊಸಬರ ಗಾಡಿಯಾದರೆ ಇಲ್ಲಿ ನಮಗೆ ದೊಡ್ಡ ಗಾಡಿ. ನಮ್ಮ ಮಧ್ಯಮ 300ರಿಂದ 450 ಸಿಸಿ. 2025ರ ಸೆಪ್ಟೆಂಬರ್ 22ರಿಂದ ಈ ಮಧ್ಯಮದ ನಟ್ಟನಡುವೆ ಸರ್ಕಾರವೂ ಒಂದು ಗೆರೆ ಎಳೆದಿದೆ. 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನದಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40ಕ್ಕೆ ಏರಿತು. ತೆರಿಗೆಗೆ ಮುಂಚೆ ಎರಡು ಲಕ್ಷ ಬೆಲೆಯ ಗಾಡಿ ಅಂತ ಲೆಕ್ಕ ಹಿಡಿಯಿರಿ: ಗೆರೆಯ ಕೆಳಗಿದ್ದರೆ ತೆರಿಗೆ 36,000 ರೂಪಾಯಿ, ಮೇಲಿದ್ದರೆ 80,000. ಉಳಿಯುವ 44,000ದಲ್ಲಿ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್, ಜಾಕೆಟ್, ಮಳೆಯ ಉಡುಪು, ಎರಡೂ ಬದಿಯ ಸ್ಯಾಡಲ್ ಬ್ಯಾಗು ಬರುತ್ತವೆ. ಮಾಸ್ತರನ ಸಂಬಳದ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಆದರೆ ದುಡ್ಡಿಗೆ ಮುಂಚೆ ಮೈ. ಕೂರುವ ಭಂಗಿಗೆ ಮೂರು ಬಿಂದು: ಸೀಟು, ಫುಟ್‌ರೆಸ್ಟು, ಹ್ಯಾಂಡಲ್. ಈ ಮೂರರ ನಡುವಿನ ಅಂತರವೇ ನಿಮ್ಮ ಮೊಣಕಾಲು, ಸೊಂಟ, ಮುಂಗೈಗಳ ಹಣೆಬರಹ ಬರೆಯುತ್ತದೆ. ಫುಟ್‌ರೆಸ್ಟು ಹಿಂದಕ್ಕೂ ಮೇಲಕ್ಕೂ ಇದ್ದರೆ ಮೊಣಕಾಲು ಮಡಚುತ್ತದೆ, ಮೈ ಮುಂದೆ ಬಾಗುತ್ತದೆ, ಭಾರ ಮುಂಗೈಗೆ ಬೀಳುತ್ತದೆ. ತೀರಾ ಮುಂದಿದ್ದರೆ, ಕ್ರೂಸರ್ ಗಾಡಿಗಳಲ್ಲಿ ಇರುವಂತೆ, ಕಾಲು ಚಾಚಿ ಹಾಯೆನಿಸುತ್ತದೆ. ಆದರೆ ಪೂರಾ ಭಾರ ಬಾಲದೆಲುಬಿನ ಮೇಲೆ. ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಕಾಲೂರಿ ಒಂದಿಷ್ಟು ಮೇಲೇಳಲು ಬರುವುದಿಲ್ಲ, ಏಟು ನೇರ ಬೆನ್ನಿಗೆ ತಗಲುತ್ತದೆ. ಎರಡರ ನಡುವೆ ನೆಟ್ಟಗೆ ಕೂರಿಸುವ ಗಾಡಿ ನಮ್ಮ ರಸ್ತೆಗೆ ಸರಿ. ಪರೀಕ್ಷೆ ಸುಲಭ. ಡಬಲ್ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು ಎರಡೂ ಕೈ ಮುಂದೆ ಚಾಚಿ. ಕೈ ಎಲ್ಲಿ ಬಂದು ನಿಲ್ಲುತ್ತದೋ ಅಲ್ಲಿ ಹ್ಯಾಂಡಲ್ ಇರಬೇಕು. ಅದಕ್ಕಾಗಿ ನೀವು ಹೆಗಲು ಬಗ್ಗಿಸಿ ಹುಡುಕಬೇಕಾಗಿ ಬಂದರೆ ಆ ಗಾಡಿ ಬಿಡಿ, ಎಷ್ಟೇ ಚಂದ ಇರಲಿ.

ಸೀಟಿನ ಎತ್ತರವನ್ನು ನಮ್ಮ ಹುಡುಗರು ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳುತ್ತಾರೆ. ಇದು ನನಗೆ ಬೇಸರ ತರುವ ಸಂಗತಿ. ಎನ್‌ಫೀಲ್ಡ್‌ನ ಮೀಟಿಯರ್ 350ರ ಸೀಟು 765 ಮಿಲಿಮೀಟರ್, ಹೋಂಡಾ ಹೈನೆಸ್ ಸಿಬಿ350ದು 800, ಹೊಸ ಹಿಮಾಲಯನ್ 450ರದು 825ರಿಂದ 845, 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್‌ದು 855. ಖಾಲಿ ಗಾಡಿಯ ಮೇಲೆ ತುದಿಗಾಲು ತಾಗಿದರೂ ನಡೆಯುತ್ತದೆ ಅನ್ನಿಸುತ್ತದೆ. ಹಿಮಾಲಯನ್ 196 ಕಿಲೋ ತೂಗುತ್ತದೆ. ಅದಕ್ಕೆ ನೀವು, ನಿಮ್ಮ ಹಿಂದೆ ಡಬಲ್ ಸೀಟ್ ಕೂತವರು, ಇಪ್ಪತ್ತು ಕಿಲೋ ಸಾಮಾನು ಸೇರಿಸಿ. ಮೂರೂವರೆ ಕ್ವಿಂಟಲ್ ಹತ್ತಿರ ಆಗುತ್ತದೆ. ಚೋರ್ಲಾದ ತಿರುವಿನಲ್ಲಿ ಎದುರಿಗೆ ಲಾರಿ ಬಂದು, ಇಳಿಜಾರಿನಲ್ಲಿ ನಿಂತು, ಜಲ್ಲಿಕಲ್ಲಿನ ಮೇಲೆ ಎಡಗಾಲು ಊರಬೇಕಾದಾಗ ತುದಿಗಾಲು ಸಾಲುವುದಿಲ್ಲ. ಎರಡೂ ಹಿಮ್ಮಡಿ ನೆಲಕ್ಕೆ ಪೂರಾ ತಾಗದಿದ್ದರೂ ಒಂದು ಅಂಗಾಲಾದರೂ ಗಟ್ಟಿಯಾಗಿ ಕೂರಬೇಕು.

ಇನ್ನು ನನ್ನ ಬೆರಳಿನ ಜೋಮು. ಅದರ ಕಾರಣವನ್ನು ನನಗೆ ತಿಳಿಸಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ, ಉದ್ಯಮಬಾಗದ ಮಷಿನ್ ಶಾಪಿನಲ್ಲಿ ದುಡಿಯುವ ನನ್ನ ಬಾಲ್ಯದ ಗೆಳೆಯ. ಬೆಳಗಾವಿಯ ಫೌಂಡ್ರಿಗಳಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುತ್ತಾರೆ, ಪಕ್ಕದ ಶೆಡ್ಡುಗಳಲ್ಲಿ ಅವನ್ನು ಕಡೆಯುತ್ತಾರೆ; ಎಂಜಿನ್ನಿನ ಒಳಗಿನ ಗುಟ್ಟು ಇಲ್ಲಿನ ಟರ್ನರ್‌ಗಳಿಗೆ ಕೈಯಲ್ಲೇ ಗೊತ್ತು. ಅವನು ಒಂದು ಎರಕದ ತುಂಡನ್ನು ಲೇಥಿನ ಚಕ್‌ಗೆ ಬೇಕೆಂದೇ ಕೂದಲೆಳೆಯಷ್ಟು ಓರೆ ಕಚ್ಚಿಸಿ ನಿಧಾನಕ್ಕೆ ತಿರುಗಿಸಿದ. ಪಕ್ಕದ ಮೇಜಿನ ಮೇಲಿನ ಚಹಾದ ಲೋಟದಲ್ಲಿ ಉಂಗುರದಂಥ ಅಲೆ ಎದ್ದವು. ವೇಗ ಏರಿಸಿದ. ಲೋಟ ತಾನಾಗಿ ಮೇಜಿನ ಅಂಚಿಗೆ ಸರಿಯತೊಡಗಿತು.

“ನೋಡ ದೋಸ್ತ, ಇಷ್ಟ ಓರೆ ಇದ್ರ ಇಷ್ಟ ಕುಣಿತೈತಿ. ನಿನ್ನ ಗಾಡ್ಯಾಗ ಪಿಸ್ಟನ್ ಮಿನಿಟಿಗೆ ನಾಕೈದ ಸಾವಿರ ಸಲ ಹತ್ತಿ ಇಳಿತೈತಿ. ಅದಕ್ಕ ಎದರ ತೂಕ ಕೊಡಲಿಲ್ಲಂದ್ರ ಅದೆಲ್ಲಾ ನಿನ್ನ ಕೈಗೇ ಬರತೈತಿ.”

ಆ ಎದುರು ತೂಕಕ್ಕೆ ಬ್ಯಾಲೆನ್ಸರ್ ಶಾಫ್ಟ್ ಎಂದು ಹೆಸರು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ ಎದುರಾಗಿ, ಅದರ ವೇಗದಲ್ಲೇ ತಿರುಗುತ್ತ ಪಿಸ್ಟನ್ನಿನ ಕುಲುಕಾಟವನ್ನು ನುಂಗುವುದು ಅದರ ಕೆಲಸ. ಹಳೆಯ ಬುಲೆಟ್ಟುಗಳಲ್ಲಿ ಇದು ಇರಲಿಲ್ಲ. 2020ರ ಮೀಟಿಯರ್‌ನಿಂದ ಎನ್‌ಫೀಲ್ಡ್‌ನ ಹೊಸ 349 ಸಿಸಿ ಎಂಜಿನ್ನಿಗೆ ಬಂತು, 2021ರಲ್ಲಿ ಕ್ಲಾಸಿಕ್ 350ಕ್ಕೂ ಬಂತು. ಹಳೆಯ ಕ್ಲಾಸಿಕ್ ಓಡಿಸಿದವರು ಹೊಸದರ ಮೇಲೆ ಕೂತರೆ ಮೊದಲ ಮೈಲಿಯಲ್ಲೇ ವ್ಯತ್ಯಾಸ ಹೇಳುತ್ತಾರೆ. ಹೀಗಿದ್ದೂ ಪ್ರತಿ ಗಾಡಿಗೂ ಒಂದು ವೇಗ ಇರುತ್ತದೆ, ಅದನ್ನು ದಾಟಿದರೆ ಹ್ಯಾಂಡಲ್‌ನಲ್ಲಿ ಜುಮುಜುಮು ಶುರು. ಆ ವೇಗ ನೀವು ದಿನವಿಡೀ ಹೋಗುವ ವೇಗಕ್ಕಿಂತ ಮೇಲಿರಬೇಕು. ಕನ್ನಡಿ ನೋಡಿದರೆ ಸಾಕು: ಎಂಬತ್ತರಲ್ಲಿ ಹಿಂದಿನ ಬಸ್ಸಿನ ಬೋರ್ಡು ಓದಲು ಬರುತ್ತದೋ, ಎಲ್ಲ ಕಲಸಿ ಕಾಣುತ್ತದೋ.

ಎಂಬತ್ತು ಎಂದು ಬೇಕೆಂದೇ ಹೇಳಿದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲಿ ಮೋಟಾರ್‌ಸೈಕಲ್ಲಿನ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ, ಎದೆಗೆ ಬಡಿಯುವ ಗಾಳಿ ಒಂದೂವರೆ ಪಟ್ಟಿಗೂ ಮಿಕ್ಕು. ಧಾರವಾಡ ದಾಟಿ ಹಾವೇರಿ ಕಡೆಯ ಬಯಲಿಗೆ ಬಂದವರಿಗೆ ಆ ಗಾಳಿಯ ಜೊತೆ ಕುತ್ತಿಗೆ ಹೋರಾಡುವುದು ಗೊತ್ತು. 150ರ ವೇಗ ಮುಟ್ಟುವ ಗಾಡಿ ನಿಮ್ಮನ್ನು ಬೇಗ ತಲುಪಿಸುತ್ತದೆ ಎಂದು ನಂಬಬೇಡಿ, ಬೇಗ ದಣಿಸುತ್ತದೆ.

ಟಾರ್ಕಿನ ಅಂಕಿಯನ್ನು ಓದುವಾಗ ಅದರ ಪಕ್ಕದ ಆರ್‌ಪಿಎಂ ಓದುವವರು ಕಡಿಮೆ. ಸಿಬಿ350 ತನ್ನ 30 ನ್ಯೂಟನ್ ಮೀಟರ್‌ಗಳನ್ನು 3,000 ಆರ್‌ಪಿಎಂಗೇ ಕೊಡುತ್ತದೆ. ಮೀಟಿಯರ್ 27ನ್ನು 4,000ಕ್ಕೆ. ಟ್ರಯಂಫ್ ಸ್ಪೀಡ್ 400ರದು 37.5, ಆದರೆ 6,500ಕ್ಕೆ. ಅಶ್ವಶಕ್ತಿಯಲ್ಲಿ ಮೊದಲಿನೆರಡು ಇಪ್ಪತ್ತರ ಆಸುಪಾಸು, ಟ್ರಯಂಫ್ ನಲವತ್ತು. ಕಾಗದದ ಮೇಲೆ ಟ್ರಯಂಫ್‌ಗೆ ಅವೆರಡೂ ಸಾಟಿಯಲ್ಲ. ಈಗ ಅನಮೋಡ ಘಾಟಿನಲ್ಲಿ ಲಾರಿಯ ಹಿಂದೆ 25ರಲ್ಲಿ ಹತ್ತುತ್ತಿದ್ದೀರಿ ಎಂದುಕೊಳ್ಳಿ, ಹಿಂದೆ ಮನೆಯವರು. ಕೆಳಗಿನ ಆರ್‌ಪಿಎಂನಲ್ಲೇ ಶಕ್ತಿ ಕೊಡುವ ಎಂಜಿನ್ನು ಮೂರನೇ ಗೇರಿನಲ್ಲಿ ಗುನುಗುತ್ತ ಹತ್ತುತ್ತದೆ. ಮೇಲೆ ಶಕ್ತಿ ಇಟ್ಟುಕೊಂಡದ್ದು ಮತ್ತೆ ಮತ್ತೆ ಎರಡಕ್ಕೆ ಇಳಿಸು ಎನ್ನುತ್ತದೆ. ಕ್ಲಚ್ ಹಿಡಿದ ಎಡಗೈ ಸೋಲುತ್ತದೆ, ಪ್ರತಿ ಎಳೆತಕ್ಕೂ ಹಿಂದೆ ಕೂತವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಟಕ್ ಎಂದು ತಾಗುತ್ತದೆ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹೆದ್ದಾರಿಯಲ್ಲಿ ಇಬ್ಬರು, ಸಾಮಾನು, ಎದುರುಗಾಳಿ ಇದ್ದಾಗ ಬಸ್ಸನ್ನು ದಾಟಲು 350 ಗಾಡಿಗೆ ಬಹಳ ಜಾಗ ಬೇಕು. ಅವಸರ ಪಡುವವರಿಗೆ ಅದು ಅಪಾಯ. ಒಬ್ಬರೇ ದಿನಕ್ಕೆ ಐದುನೂರು, ಆರುನೂರು ಕಿಲೋಮೀಟರ್ ಹೋಗುವವರು, ರಾಜಸ್ಥಾನ, ಲಡಾಖ್ ಕನಸು ಕಟ್ಟಿದವರು ಗೆರೆ ದಾಟಿ 400–450ಕ್ಕೆ ಹೋಗುವುದೇ ಸರಿ. ದಿನಕ್ಕೆ ಮುನ್ನೂರು ಸಾಕು, ಇಬ್ಬರೂ ನಗುತ್ತ ಇಳಿಯಬೇಕು ಅನ್ನುವವರಿಗೆ 350 ಏನೇನೂ ಕಡಿಮೆಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ಹಿರಿಯರು ದೂರ ಹೋಗಿದ್ದು ಇದಕ್ಕೂ ಸಣ್ಣ ಗಾಡಿಗಳ ಮೇಲೆ. 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 250 ಸಿಸಿಯ ಜಾವಾವನ್ನೂ ಮುಂದೆ ಯೆಜ್ಡಿಯನ್ನೂ ದೇಶಕ್ಕೆಲ್ಲ ಕಳಿಸಿತು. 1996ರಲ್ಲಿ ಬಾಗಿಲು ಹಾಕಿತು. ನಂದಗಡದ ಸಂತೆಗೆ ನನ್ನ ಸೋದರಮಾವ ಅದರ ಮೇಲೆ ಬರುತ್ತಿದ್ದರು. ಆ ಸೀಟು ಚಪ್ಪಟೆ, ಅಗಲ, ಗಟ್ಟಿ. ಈಗಿನವರು ಶೋರೂಮಿನಲ್ಲಿ ಸೀಟನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದೆ ಎಂದು ಮೆಚ್ಚುತ್ತಾರೆ. ಮೆತ್ತನೆಯ ಫೋಮ್ ಒಂದು ತಾಸಿನಲ್ಲಿ ತಳ ಮುಟ್ಟುತ್ತದೆ, ಆಮೇಲೆ ಕೂತದ್ದು ಕಬ್ಬಿಣದ ಮೇಲೆಯೇ. ಗಟ್ಟಿ, ಅಗಲ ಸೀಟು ಮೊದಲು ಒರಟೆನಿಸಿದರೂ ಸಂಜೆಯವರೆಗೆ ಕೈಬಿಡುವುದಿಲ್ಲ.

ಖಾನಾಪುರದವರಿಗೆ ಮಳೆಯ ಮಾತು ಹೇಳಬೇಕಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ತೆರವಾಗುವುದೇ ಇಲ್ಲ. ಮಳೆ ಮುಗಿದ ಮೇಲೆ ರಸ್ತೆಯ ಡಾಂಬರು ಹುಡುಕಬೇಕು. ಬೆಳಗಾವಿಯಿಂದ ಗಣೇಬೈಲ್ ಟೋಲ್ ದಾಟಿ ಖಾನಾಪುರದವರೆಗೆ ಬೆಣ್ಣೆಯಂಥ ರಸ್ತೆ, ಅಲ್ಲಿಂದ ಆಚೆ ಕಾಡು ಹೊಕ್ಕರೆ ಬೇರೆಯೇ ಲೋಕ. ನೆಲದಿಂದ ಹಿಮಾಲಯನ್ನಿನ ಹೊಟ್ಟೆ 230 ಮಿಲಿಮೀಟರ್ ಮೇಲಿದೆ, ಮೀಟಿಯರ್‌ದು 170. ಹೆಮ್ಮಡಗಾದ ಕಡೆ, ಭೀಮಗಡದ ಅಂಚಿನ ಹಳ್ಳಿಗಳಿಗೆ ವಾರವಾರ ಹೋಗುವವರಿಗೆ ಆ ಅರವತ್ತು ಮಿಲಿಮೀಟರ್ ದೊಡ್ಡದು. ವರ್ಷಕ್ಕೆ ಎರಡು ಸಲ ಹೋಗುವವರು ನಿಧಾನಕ್ಕೆ ಹೋದರಾಯಿತು. ಅದಕ್ಕಿಂತ ನಾನು ಟೈರನ್ನು ನೋಡುತ್ತೇನೆ. ಟ್ಯೂಬ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ಒಮ್ಮೆಲೇ ಹೋಗಿ ಗಾಡಿ ತೂರಾಡುತ್ತದೆ, ಜಾಂಬೋಟಿಯ ಆಚೆ ಕಾಡಿನಲ್ಲಿ ಚಕ್ರ ಬಿಚ್ಚುವವರು ಸಿಗುವುದಿಲ್ಲ. ಟ್ಯೂಬ್‌ಲೆಸ್ ಆದರೆ ಮೊಳೆ ಸಮೇತ ಊರು ಮುಟ್ಟಬಹುದು, ಇಲ್ಲವೇ ಪಂಚರ್ ಕಿಟ್ಟಿನ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಕಡ್ಡಿಯ ಚಕ್ರ ಬೇಕೆನ್ನುವವರು ಟ್ಯೂಬ್‌ಲೆಸ್ ಕಡ್ಡಿಚಕ್ರ ಸಿಗುತ್ತದೆಯೇ ಎಂದು ಕೇಳಿ ತಗೊಳ್ಳಲಿ. ಎಬಿಎಸ್ ಎರಡೂ ಚಕ್ರಕ್ಕೆ ಇರಲಿ. ಟಾಕಿ ಹದಿಮೂರು ಲೀಟರೋ ಹದಿನೇಳೋ ಅನ್ನುವುದಕ್ಕೆ ನಮ್ಮ ಹೆದ್ದಾರಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಘಾಟಿಗೆ ಇಳಿಯುವ ಮುಂಚೆ ತುಂಬಿಸಿಕೊಂಡರೆ ಆಯಿತು.

ಡಬಲ್ ಸೀಟ್ ಕೂರುವವರ ಬಗ್ಗೆ ಗಾಡಿ ಮಾರುವವರೂ ಕೊಳ್ಳುವವರೂ ಕೊನೆಗೆ ಯೋಚಿಸುತ್ತಾರೆ. ಹಿಡಿಕೆ, ಹಿಂದಿನ ಫುಟ್‌ರೆಸ್ಟು, ಸೀರೆ ಚಕ್ರಕ್ಕೆ ಸಿಗದಂತೆ ತಡೆಯುವ ಗಾರ್ಡು ಈ ಮೂರೂ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದಕ್ಕೆ ಅಡ್ಡಿ ಎಂದು ಗಾರ್ಡು ಬಿಚ್ಚಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹಿಂದಿನವರಿಗೂ ಹೆಲ್ಮೆಟ್ ಎಂಬುದು ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಕಡ್ಡಾಯ. ಗೋವಾಕ್ಕೆ ಹೊರಟ ಎಷ್ಟು ಜೋಡಿಗಳಲ್ಲಿ ಎರಡನೆಯದು ಕೈಗೆ ನೇತಾಡುತ್ತಿರುತ್ತದೆ! ಇಬ್ಬರು ಕೂತಾಗ ಹಿಂದಿನ ಶಾಕಪ್‌ನ ಸ್ಪ್ರಿಂಗನ್ನು ಒಂದೆರಡು ಹಲ್ಲು ಬಿಗಿ ಮಾಡಬೇಕು. ಗಾಡಿಯ ಜೊತೆ ಕೊಡುವ ಕೊಕ್ಕೆಯಂಥ ಪಾನಾ ಅದಕ್ಕೇ ಇರುವುದು. ಬಿಗಿ ಮಾಡದಿದ್ದರೆ ಹಿಂಭಾಗ ಕುಸಿದು ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ಬೆಳಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ.

ಇಷ್ಟೆಲ್ಲ ಮಾತಾಡಿದ ಮೇಲೆ ಮಾಸ್ತರನಿಗೆ ಗೆಳೆಯರಿಂದ ಎರಡು ಗಾಡಿ ಎರವಲು ಸಿಕ್ಕವು. ಒಂದು 350ರ ಕ್ರೂಸರ್, ಇನ್ನೊಂದು ಎತ್ತರದ ಅಡ್ವೆಂಚರ್. ಭಾನುವಾರ ಖಾನಾಪುರದಿಂದ ಜಾಂಬೋಟಿ ಮೇಲೆ ಕಣಕುಂಬಿಗೆ ಹೋದೆವು. ಒಂದನ್ನು ನಾನು ಹೊಡೆದೆ, ಒಂದನ್ನು ಅವನು, ಅರ್ಧ ದಾರಿಗೆ ಬದಲಾಯಿಸಿದೆವು. ಸೊಸೆ ಇಡೀ ದಿನ ಅವನ ಹಿಂದೆ. ಹೋಗುವಾಗ ಮಾಸ್ತರನ ಮುಖದಲ್ಲಿ ಎತ್ತರದ ಗಾಡಿಯ ಖುಷಿ ಕುಣಿಯುತ್ತಿತ್ತು. ಗುಂಡಿಗಳ ಮೇಲೆ ಅದು ತೇಲಿದಂತೆ ಹೋಯಿತು, ನಿಜ. ಮರಳಿ ಬರುವಾಗ ಜಾಂಬೋಟಿಯಲ್ಲಿ ಚಹಾಕ್ಕೆ ನಿಂತೆವು. ಮೂರನೇ ತಾಸು ಶುರುವಾಗಿತ್ತು. ಅವಳು ಇಳಿದವಳೇ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಯಿಂದ ಮೊಣಕಾಲು ತಿಕ್ಕಿಕೊಂಡಳು.

“ಹೆಂಗನಸ್ತವಾ?” ಅಂದೆ.

“ಕಾಕಾರ, ಎತ್ತರದ್ರಾಗ ರಸ್ತಿ ಛಲೋ ಕಾಣತೈತಿ, ಧಕ್ಕಿನೂ ಇಲ್ಲ. ಖರೆ ಹತ್ತಾಕ ಇಳ್ಯಾಕ ಪ್ರತಿ ಸಲ ಇವರ ಹೆಗಲ ಹಿಡಿಬೇಕು. ಆ ಸಣ್ಣದ್ರಾಗ ಹತ್ತೂದು ಸರಳ, ಆದ್ರ ಕಾಲ ಇಡೂದು ಭಾಳ ಮ್ಯಾಲ ಐತಿ, ಮೊಣಕಾಲ ಹಿಡಿತೈತಿ. ಎರಡರ ನಡುವಿಂದು ಇಲ್ಲೇನ್ರಿ?”

ಮಾಸ್ತರ ಮೊಬೈಲ್ ತೆಗೆದು ಮತ್ತೆ ಆ ಪಟ್ಟಿ ತೆರೆದ. ಈ ಸಲ ಅದರ ಕೊನೆಗೆ ಹೊಸ ಸಾಲು ಸೇರಿಸಿದ: ಹಿಂದಿನ ಸೀಟಿನಿಂದ ಫುಟ್‌ರೆಸ್ಟಿಗೆ ಎಷ್ಟು ಗೇಣು. ಮುಂದಿನ ಭಾನುವಾರಕ್ಕೆ ಅವನ ಸಹೋದ್ಯೋಗಿಯದು ಇನ್ನೊಂದು ಗಾಡಿ ಸಿಗುತ್ತದಂತೆ, ನೆಟ್ಟಗೆ ಕೂರುವಂಥದ್ದು. ಲೋಂಡಾ ದಾಟಿ ಅನಮೋಡದವರೆಗೆ ಹೋಗಿ ಬರೋಣ ಎಂದಿದ್ದೇನೆ. ಹಂಪಿಗೆ ಒಯ್ಯುವಷ್ಟೇ ಬಟ್ಟೆಬರೆ ತುಂಬಿ, ಬ್ಯಾಗು ಕಟ್ಟಿಕೊಂಡೇ ಬಾ ಎಂದೂ ಹೇಳಿದ್ದೇನೆ.